ನುಂಗಿದ್ದಕ್ಕಿಂತ ತೂರಿದ್ದೇ ಹೆಚ್ಚು: ಕಪ್ಪುಕುಳಿಗಳ ಸುತ್ತ ಬೀಸುವ ಗಾಳಿ

ಹತ್ತಿರ ಬಂದದ್ದನ್ನೆಲ್ಲ ನುಂಗಿಹಾಕುವುದೇ ಕಪ್ಪುಕುಳಿಯ ಸ್ವಭಾವ ಎಂಬ ಮಾತು ಪಠ್ಯಪುಸ್ತಕದಿಂದ ಟೀವಿಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ನಕ್ಷತ್ರವೊಂದು ಸತ್ತು ಹುಟ್ಟಿದ, ಸೂರ್ಯನ ಐದರಿಂದ ಹದಿನೈದು ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಗಳ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಜೊತೆಗಾರ ನಕ್ಷತ್ರದಿಂದ ಎಳೆದುಕೊಂಡ ಅನಿಲ ಅವುಗಳ ಸುತ್ತ ತಟ್ಟೆಯಾಗಿ ಸುತ್ತುತ್ತದೆ. ಆ ತಟ್ಟೆ ಉಜ್ವಲವಾಗಿ ಬೆಳಗುವ ದಿನಗಳಲ್ಲಿ ಅದರ ಮೇಲ್ಮೈಯಿಂದ ಗಾಳಿಯೊಂದು ಏಳುತ್ತದೆ, ಸೆಕೆಂಡಿಗೆ ಕೆಲವು ನೂರರಿಂದ ಕೆಲವು ಸಾವಿರ ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹರಿಯುತ್ತದೆ. ಅನೇಕ ಸಲ ಕುಳಿಯೊಳಗೆ ಬೀಳುವ ಅನಿಲಕ್ಕಿಂತ ಈ ಗಾಳಿ ಹೊತ್ತೊಯ್ಯುವ ಅನಿಲವೇ ಹೆಚ್ಚು. ಈ ಗಾಳಿಯನ್ನು ಎಬ್ಬಿಸುವುದು ಯಾವುದು, ಅದು ಯಾವಾಗ ಬೀಸುತ್ತದೆ, ಯಾವಾಗ ನಿಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಇಪ್ಪತ್ತೈದು ವರ್ಷಕ್ಕೂ ಮಿಗಿಲಾಗಿ ಖಗೋಳವಿಜ್ಞಾನಿಗಳು ಉತ್ತರ ಹುಡುಕುತ್ತಿದ್ದಾರೆ. ಗಾಳಿ ತಟ್ಟೆಯ ಯಾವ ಜಾಗದಿಂದ ಹೊರಡುತ್ತದೆ ಎಂಬ ಒಂದೇ ಒಂದು ಅಳತೆಯ ಸುತ್ತಲೇ ಆ ವಾದವೆಲ್ಲ ಸುತ್ತುತ್ತಿದೆ. ಆ ಅಳತೆಯೇ ನಮ್ಮ ಕೈಗೆ ನೇರವಾಗಿ ಸಿಗದದ್ದು.

ಮೊದಲು ತಟ್ಟೆಯ ವಿಷಯ. ಜೋಡಿನಕ್ಷತ್ರವೊಂದರಲ್ಲಿ ಕಪ್ಪುಕುಳಿಯತ್ತ ಹರಿಯುವ ಅನಿಲಕ್ಕೆ ಸುತ್ತುವ ವೇಗ ಮೊದಲೇ ಇರುತ್ತದೆ, ಹಾಗಾಗಿ ಅದು ನೆಟ್ಟಗೆ ಒಳಗೆ ಬೀಳಲಾರದು. ತನ್ನ ಕೋನೀಯ ಸಂವೇಗವನ್ನು ಯಾರಿಗಾದರೂ ಒಪ್ಪಿಸಿದ ಮೇಲೆಯೇ ಅದು ಒಂದು ಹೆಜ್ಜೆ ಒಳಗೆ ಇಳಿಯಬಲ್ಲುದು. 1973ರಲ್ಲಿ ನಿಕೊಲಾಯ್ ಶಕೂರಾ ಮತ್ತು ರಷೀದ್ ಸುನ್ಯಾಯೆವ್ ಬರೆದ ಪ್ರಬಂಧ ಈ ಇಳಿತವನ್ನು ಲೆಕ್ಕಕ್ಕೆ ತಂದಿತು. ಪದರಗಳ ನಡುವಿನ ತಿಕ್ಕಾಟ ಸಂವೇಗವನ್ನು ಹೊರಕ್ಕೆ ದಾಟಿಸುತ್ತದೆ, ಬಿದ್ದ ಅನಿಲ ಕಾದು ಬೆಳಗುತ್ತದೆ, ಒಳ ಅಂಚಿನಲ್ಲಿ ತಾಪ ಸುಮಾರು ಒಂದು ಕೋಟಿ ಕೆಲ್ವಿನ್ ಮುಟ್ಟಿ ಎಕ್ಸ್ ಕಿರಣ ಸುರಿಸುತ್ತದೆ. ಬಿದ್ದ ದ್ರವ್ಯದ ಸುಮಾರು ಹತ್ತನೇ ಒಂದು ಪಾಲು ಬೆಳಕಾಗಿ ಹೊರಬರುತ್ತದೆ. ಹೈಡ್ರೋಜನ್ ಉರಿಸುವ ನಕ್ಷತ್ರದಲ್ಲಿ ಹೀಗೆ ಬೆಳಕಾಗುವುದು ಉರಿದ ದ್ರವ್ಯದ ಶೇಕಡಾ 0.7 ಮಾತ್ರ. ಆ ತಿಕ್ಕಾಟದ ಮೂಲ ಏನೆಂಬುದಕ್ಕೆ 1991ರಲ್ಲಿ ಸ್ಟೀವನ್ ಬಾಲ್ಬಸ್ ಮತ್ತು ಜಾನ್ ಹಾಲಿ ಉತ್ತರ ಕೊಟ್ಟರು: ಸುತ್ತುವ ಅನಿಲದಲ್ಲಿ ದುರ್ಬಲವಾದ ಕಾಂತಕ್ಷೇತ್ರ ಇದ್ದರೂ ಸಾಕು, ಅದು ತಾನಾಗಿ ಬೆಳೆದು ಕ್ಷೋಭೆ ಎಬ್ಬಿಸುತ್ತದೆ. ಈ ಇಡೀ ಚಿತ್ರದಲ್ಲಿ ಹೊರಗಿನಿಂದ ಬಂದದ್ದೆಲ್ಲ ಒಳಗೆ ಸೇರುತ್ತದೆ. ಗಾಳಿಗೆ ಇಲ್ಲಿ ಜಾಗವೇ ಇರಲಿಲ್ಲ.

ಗಾಳಿಯ ಗುರುತು ಮೊದಲು ಸಿಕ್ಕಿದ್ದು ಜಪಾನಿನ ಆಸ್ಕಾ ಉಪಗ್ರಹಕ್ಕೆ. ವೃಶ್ಚಿಕ ರಾಶಿಯಲ್ಲಿ 1994ರಲ್ಲಿ ಭುಗಿಲೆದ್ದ ಜಿಆರ್‌ಒ ಜೆ1655-40 ಎಂಬ ಆಕರದ ರೋಹಿತದಲ್ಲಿ ಕಬ್ಬಿಣದ ಹೀರಿಕೆ ರೇಖೆಗಳಿವೆ ಎಂದು ಯೋಷಿಹಿರೊ ಉಯೆದ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಎರಡು ವರ್ಷದ ಬಳಿಕ ಜಿಆರ್‌ಎಸ್ 1915+105 ಆಕರದಲ್ಲೂ ಅಂಥವೇ ರೇಖೆಗಳು ಕಂಡವು. ಕಪ್ಪುಕುಳಿಯ ಸಮೀಪದಿಂದ ಹೊರಟ ಎಕ್ಸ್ ಕಿರಣದ ದಾರಿಯಲ್ಲಿ ಯಾವುದೋ ಬಿಸಿ ಅನಿಲ ಅಡ್ಡ ನಿಂತಿದೆ, ತನಗೆ ಒಗ್ಗುವ ಶಕ್ತಿಯ ಕಿರಣಗಳನ್ನು ಹೀರಿಕೊಳ್ಳುತ್ತಿದೆ ಎಂಬುದು ಅಷ್ಟಕ್ಕೇ ಖಚಿತವಾಯಿತು. ಆ ಅನಿಲ ನಿಂತಿದೆಯೋ ಹರಿಯುತ್ತಿದೆಯೋ ಎಂದು ಹೇಳಲು ಆಸ್ಕಾದ ಕಣ್ಣು ಸಾಲದಾಗಿತ್ತು.

ಯಾಕೆ ಸಾಲದು ಎಂಬುದನ್ನು ಅಂಕಿಯಲ್ಲೇ ನೋಡಬಹುದು. ಕಬ್ಬಿಣದ ಪರಮಾಣು ತನ್ನ 26 ಎಲೆಕ್ಟ್ರಾನುಗಳಲ್ಲಿ ಇಪ್ಪತ್ತೈದನ್ನೂ ಕಳೆದುಕೊಂಡು ಒಂದನ್ನು ಮಾತ್ರ ಉಳಿಸಿಕೊಂಡಾಗ 6.97 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್ ಕಿರಣವನ್ನು ಹೀರುತ್ತದೆ. ಎರಡು ಉಳಿದಿದ್ದರೆ 6.70. ಅನಿಲ ನಮ್ಮ ಕಡೆಗೆ ಸೆಕೆಂಡಿಗೆ 1000 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದರೆ ಡಾಪ್ಲರ್ ಪರಿಣಾಮದಿಂದ ರೇಖೆ ಸರಿಯುವುದು ಸುಮಾರು 23 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಸಾಮಾನ್ಯ ಸಿಸಿಡಿ ಪತ್ತೆಕಾರಕ ಆ ಜಾಗದಲ್ಲಿ 130-150 ಎಲೆಕ್ಟ್ರಾನ್ ವೋಲ್ಟ್‌ಗಿಂತ ಸೂಕ್ಷ್ಮವಾದುದನ್ನು ಬೇರ್ಪಡಿಸಿ ನೋಡಲಾರದು. 1999ರಲ್ಲಿ ಹಾರಿದ ನಾಸಾದ ಚಂದ್ರ ವೀಕ್ಷಣಾಲಯ, ಅಂದರೆ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತದ್ದು, ಲೋಹದ ಸೂಕ್ಷ್ಮ ಜಾಲರಿಗಳಿಂದ ಕಿರಣವನ್ನು ಬಿಡಿಸಿ ನೋಡಬಲ್ಲುದಾಗಿತ್ತು. ಅದರ ಸೂಕ್ಷ್ಮತೆ ಕಬ್ಬಿಣದ ರೇಖೆಗಳ ಬಳಿ ಸುಮಾರು ನಾಲ್ಕು ಪಟ್ಟು ಹೆಚ್ಚು, ಕೆಳಗಿನ ಶಕ್ತಿಗಳಲ್ಲಿ ಇನ್ನೂ ಹೆಚ್ಚು. ಚಂದ್ರದ ಕಣ್ಣಿಗೆ ರೇಖೆಗಳು ಸರಿದದ್ದು ಕಂಡಿತು. ಎಲ್ಲವೂ ನೀಲಿಯ ಕಡೆಗೇ ಸರಿದಿದ್ದವು, ಎಂದರೆ ಅನಿಲ ನಮ್ಮತ್ತ ಬರುತ್ತಿತ್ತು. ಅನಿಲ ಹೊರಕ್ಕೇ ಹರಿಯುತ್ತಿತ್ತು.

ವೇಗ ಸಿಕ್ಕಿದ ಮೇಲೆ ಎಷ್ಟು ಅನಿಲ ಹೋಗುತ್ತಿದೆ ಎಂದು ಕೇಳುವುದು ಸಹಜ. ಇಲ್ಲಿ ಅನಿರೀಕ್ಷಿತವಾದ ಅನುಕೂಲವೊಂದು ಒದಗಿಬರುತ್ತದೆ. ಅನಿಲದ ಪರಮಾಣುಗಳು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿವೆ ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ಆಕರ ಎಷ್ಟು ಪ್ರಕಾಶಮಾನ, ಅನಿಲ ಅದರಿಂದ ಎಷ್ಟು ದೂರ, ಅನಿಲ ಎಷ್ಟು ದಟ್ಟ. ಪ್ರಕಾಶವನ್ನು ಸಾಂದ್ರತೆ ಮತ್ತು ದೂರದ ವರ್ಗದ ಗುಣಲಬ್ಧದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಅಯಾನೀಕರಣ ಮಾನ ಎನ್ನುತ್ತಾರೆ. ರೋಹಿತ ನೋಡಿ ಈ ಮಾನವನ್ನು ಓದಿಕೊಳ್ಳಬಹುದು. ಗಾಳಿ ಹೊತ್ತೊಯ್ಯುವ ದ್ರವ್ಯವನ್ನು ಲೆಕ್ಕ ಹಾಕಲು ಬೇಕಾಗಿರುವುದೂ ಅದೇ ಗುಣಲಬ್ಧ ಮತ್ತು ವೇಗ. ಹಾಗಾಗಿ ದೂರವನ್ನಾಗಲಿ ಸಾಂದ್ರತೆಯನ್ನಾಗಲಿ ಬಿಡಿಬಿಡಿಯಾಗಿ ತಿಳಿಯದೆಯೂ ದ್ರವ್ಯದ ಅಂದಾಜು ಸಿಗುತ್ತದೆ. ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿಯ ಕಪ್ಪುಕುಳಿಯೊಂದು ಎಡಿಂಗ್‌ಟನ್ ಮಿತಿಯ ಹತ್ತನೇ ಒಂದರಷ್ಟು ಬೆಳಗುತ್ತಿದೆ ಎಂದುಕೊಳ್ಳಿ. (ಬೆಳಕಿನ ಒತ್ತಡ ಗುರುತ್ವದ ಸೆಳೆತಕ್ಕೆ ಸರಿಸಮವಾಗುವ ಪ್ರಕಾಶವೇ ಎಡಿಂಗ್‌ಟನ್ ಮಿತಿ.) ಅಷ್ಟು ಬೆಳಗಲು ಸೆಕೆಂಡಿಗೆ ಸುಮಾರು 1.4 ಲಕ್ಷ ಕೋಟಿ ಟನ್ ಅನಿಲ ಕುಳಿಯೊಳಗೆ ಬೀಳಬೇಕು. ಗಾಳಿಯ ವೇಗ ಸೆಕೆಂಡಿಗೆ 1000 ಕಿಲೋಮೀಟರ್, ಅಯಾನೀಕರಣ ಮಾನ ಇಂಥ ಗಾಳಿಗಳಲ್ಲಿ ಕಾಣುವಷ್ಟು, ಅಂದರೆ ರೂಢಿಯ ಮಾನದಲ್ಲಿ ಸುಮಾರು 10,000, ಗಾಳಿ ಆವರಿಸಿದ್ದು ಸುತ್ತಲಿನ ಆಕಾಶದ ಐದನೇ ಒಂದು ಪಾಲು ಎಂದು ಹಿಡಿದರೆ ಹೊರಹೋಗುವ ಅನಿಲ ಸೆಕೆಂಡಿಗೆ ಸುಮಾರು 5.5 ಲಕ್ಷ ಕೋಟಿ ಟನ್. ಬಿದ್ದದ್ದರ ನಾಲ್ಕು ಪಟ್ಟು.

ಇದೇ ಗಾಳಿಯ ಚಲನಶಕ್ತಿ ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಬರುತ್ತದೆ. ಅದು ಆಕರ ಬೆಳಗುವ ಶಕ್ತಿಯ ಐದು ಸಾವಿರದಲ್ಲಿ ಒಂದು ಪಾಲಿನಷ್ಟು. ಕಪ್ಪುಕುಳಿಗಳು ಧ್ರುವದ ದಿಕ್ಕಿನಲ್ಲಿ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಚಿಮ್ಮಿಸುವ ಜೆಟ್‌ಗಳು ಹೊರುವ ದ್ರವ್ಯ ಕಡಿಮೆ, ಶಕ್ತಿ ಬಹಳ. ಈ ಗಾಳಿ ಹೊರುವ ಶಕ್ತಿ ಕಡಿಮೆ, ದ್ರವ್ಯ ಬಹಳ. ಪತ್ರಿಕೆಗಳಲ್ಲಿ ಜೆಟ್‌ಗಳ ಚಿತ್ರ ಬರುವಷ್ಟು ಗಾಳಿಯ ಸುದ್ದಿ ಬರುವುದಿಲ್ಲ. ಆದರೆ ತಟ್ಟೆಯ ಆಯುಸ್ಸನ್ನು ನಿರ್ಧರಿಸುವ ಸಾಮರ್ಥ್ಯವಿರುವುದು ಗಾಳಿಗೇ ಎಂಬುದು ನನ್ನ ಎಣಿಕೆ.

ಇನ್ನು ಗಾಳಿಯನ್ನು ಎತ್ತುವವರು ಯಾರು? ಬೆಳಕಿನ ಒತ್ತಡ ಎಂಬುದು ಮೊದಲ ಉತ್ತರ. ಬಿಸಿ ನಕ್ಷತ್ರಗಳಲ್ಲಿ ಅತಿನೇರಳೆ ಬೆಳಕು ಪರಮಾಣುಗಳ ರೇಖೆಗಳನ್ನು ಹಿಡಿದು ಅನಿಲವನ್ನು ತಳ್ಳುತ್ತದೆ. ಕಪ್ಪುಕುಳಿಯ ಜೋಡಿಗಳಲ್ಲಿ ಎಕ್ಸ್ ಕಿರಣ ಪರಮಾಣುಗಳ ಬಹುಪಾಲು ಎಲೆಕ್ಟ್ರಾನುಗಳನ್ನು ಕಿತ್ತುಹಾಕಿರುತ್ತದೆ. ತಳ್ಳಲು ಸಾಕಷ್ಟು ರೇಖೆಗಳು ಉಳಿದಿರುವುದಿಲ್ಲ. ಡೇನಿಯಲ್ ಪ್ರೋಗ ಮತ್ತು ತಿಮೋತಿ ಕಾಲ್‌ಮನ್ 2002ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಈ ಉತ್ತರ ಬಹುತೇಕ ಬದಿಗೆ ಸರಿಯಿತು.

ಎರಡನೆಯದು ಶಾಖ. ತಟ್ಟೆಯ ಒಳಭಾಗದ ಎಕ್ಸ್ ಕಿರಣ ಹೊರಭಾಗದ ಮೇಲ್ಮೈಯನ್ನು ಕಾಯಿಸುತ್ತದೆ. ಮೇಲಿನ ತೆಳು ಪದರದಲ್ಲಿ ಎಲೆಕ್ಟ್ರಾನುಗಳಿಗೆ ಕಿರಣದಿಂದ ಬರುವ ಶಾಖವೂ ಅವು ಕಿರಣಕ್ಕೆ ಹಿಂತಿರುಗಿಸುವ ಶಾಖವೂ ಸಮವಾಗುವ ತಾಪವೊಂದಿದೆ, ಸುಮಾರು 1.3 ಕೋಟಿ ಕೆಲ್ವಿನ್. ಕುಳಿಯ ಹತ್ತಿರ ಗುರುತ್ವ ಬಲವಾಗಿರುವುದರಿಂದ ಅಷ್ಟು ಕಾದ ಅನಿಲವೂ ಬಂಧಿಯಾಗಿಯೇ ಇರುತ್ತದೆ. ದೂರ ಹೋದಂತೆ ಸೆಳೆತ ಸಡಿಲವಾಗಿ, ಒಂದು ಹಂತದಲ್ಲಿ ಅನಿಲ ತನ್ನ ಶಾಖದ ಬಲದಿಂದಲೇ ಬಿಡಿಸಿಕೊಳ್ಳುತ್ತದೆ. 1983ರಲ್ಲಿ ಮಿಚೆಲ್ ಬೆಗೆಲ್‌ಮನ್, ಕ್ರಿಸ್ಟೋಫರ್ ಮೆಕ್ಕೀ ಮತ್ತು ಗ್ರೆಗರಿ ಶೀಲ್ಡ್ಸ್ ಈ ದೂರವನ್ನು ಕಂಡುಹಿಡಿದರು. ಇದಕ್ಕೆ ಕಾಂಪ್ಟನ್ ತ್ರಿಜ್ಯ ಎಂಬ ಹೆಸರಿದೆ. ಸೂರ್ಯನ ಹತ್ತು ಪಟ್ಟಿನ ಕಪ್ಪುಕುಳಿಗೆ ಅದು ಸುಮಾರು 77 ಲಕ್ಷ ಕಿಲೋಮೀಟರ್. ಅದರ ಹತ್ತನೇ ಒಂದು ಭಾಗದಷ್ಟು ದೂರದಿಂದಲೇ ಗಾಳಿ ಹೊರಡಬಲ್ಲುದೆಂದು ಮುಂದಿನ ಲೆಕ್ಕಗಳು ತೋರಿಸಿದವು. ಅಂದರೆ ಶಾಖದ ಗಾಳಿಗೆ ವಿಶಾಲವಾದ ತಟ್ಟೆ ಬೇಕು. ಕೆಲವೇ ಗಂಟೆಗಳಲ್ಲಿ ಒಂದನ್ನೊಂದು ಸುತ್ತಿಬರುವ ಬಿಗಿ ಜೋಡಿಗಳಲ್ಲಿ ತಟ್ಟೆ ಅಷ್ಟು ಹರಡಲು ಎಡೆಯೇ ಇರುವುದಿಲ್ಲ. ಎಕ್ಸ್ ಕಿರಣದಲ್ಲಿ ಗಾಳಿ ಕಂಡ ಕಪ್ಪುಕುಳಿಗಳ ಪಟ್ಟಿ ನೋಡಿದರೆ ಅವುಗಳ ತಟ್ಟೆಗಳು ದೊಡ್ಡವೇ. ಜಿಆರ್‌ಎಸ್ 1915+105ರ ಸುತ್ತು 33.8 ದಿನ, ವಿ404 ಸಿಗ್ನಿಯದು 6.47 ದಿನ, ಜಿಆರ್‌ಒ ಜೆ1655-40ರದು 2.62 ದಿನ. ಶಾಖದ ಪಕ್ಷಕ್ಕೆ ಇದು ಗಟ್ಟಿಯಾದ ಸಾಕ್ಷಿ.

ಮೂರನೆಯದು ಕಾಂತಕ್ಷೇತ್ರ. ರೋಜರ್ ಬ್ಲಾಂಡ್‌ಫೋರ್ಡ್ ಮತ್ತು ಡೇವಿಡ್ ಪೇನ್ 1982ರಲ್ಲಿ ಮುಂದಿಟ್ಟ ಚಿತ್ರದಲ್ಲಿ ತಟ್ಟೆಗೆ ನೆಟ್ಟ ಕಾಂತರೇಖೆಗಳು ತಟ್ಟೆಯ ಜೊತೆಗೇ ಸುತ್ತುತ್ತವೆ. ರೇಖೆ ತಟ್ಟೆಯ ಮೇಲ್ಮೈಗೆ 60 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಓರೆಯಾಗಿದ್ದರೆ ಅನಿಲ ಅದರ ಗುಂಟ, ಓರೆಯಾದ ತಂತಿಗೆ ಪೋಣಿಸಿ ಗಿರ್ರನೆ ತಿರುಗಿಸಿದ ಮಣಿ ಹೊರಕ್ಕೆ ಜಾರುವಂತೆ, ಜಾರಿಹೋಗುತ್ತದೆ. ಇಂಥ ಗಾಳಿಗೆ ತಟ್ಟೆಯ ಯಾವ ಭಾಗವಾದರೂ ಸರಿ, ಕುಳಿಯ ಹತ್ತಿರದಿಂದಲೂ ಹೊರಡಬಹುದು. ಅದಕ್ಕಿಂತ ಮುಖ್ಯವಾಗಿ, ಹೊರಡುವಾಗ ತಟ್ಟೆಯ ಕೋನೀಯ ಸಂವೇಗವನ್ನೂ ಹೊತ್ತೊಯ್ಯುತ್ತದೆ. ಶಾಖದ ಗಾಳಿ ತನ್ನ ಪಾಲಿನ ಸಂವೇಗವನ್ನಷ್ಟೇ ಒಯ್ಯುತ್ತದೆ. ಉಳಿದ ಅನಿಲ ಒಳಗಿಳಿಯಲು ಅದರಿಂದ ಸಹಾಯವಿಲ್ಲ. ಕಾಂತದ ಗಾಳಿ ಬೀಸಿದರೆ ತಾನೇ ತಟ್ಟೆಯನ್ನು ಒಳಕ್ಕೆ ಹರಿಸುತ್ತದೆ. ಆದ್ದರಿಂದಲೇ ಈ ವಾದ ಗಾಳಿಯ ವಿಷಯವಾಗಿ ಮಾತ್ರ ಉಳಿಯಲಿಲ್ಲ. ಅನಿಲ ಕಪ್ಪುಕುಳಿಗೆ ಹೇಗೆ ತಲುಪುತ್ತದೆ ಎಂಬ ಮೂಲಪ್ರಶ್ನೆಗೇ ಅದು ಕೈಹಾಕಿತು.

ವಾದ ಕಾವೇರಿದ್ದು 2005ರ ಏಪ್ರಿಲ್‌ನಲ್ಲಿ ಚಂದ್ರ ತೆಗೆದ ಒಂದೇ ಒಂದು ರೋಹಿತದಿಂದ. ಮತ್ತೆ ಭುಗಿಲೆದ್ದಿದ್ದ ಜಿಆರ್‌ಒ ಜೆ1655-40ರ ಆ ರೋಹಿತದಲ್ಲಿ ಸುಮಾರು 90 ಹೀರಿಕೆ ರೇಖೆಗಳಿದ್ದವು. ಆಮ್ಲಜನಕದಿಂದ ನಿಕ್ಕಲ್‌ವರೆಗಿನ ಮೂಲವಸ್ತುಗಳ ಗುರುತುಗಳು; ವೇಗ ಸೆಕೆಂಡಿಗೆ 300ರಿಂದ 1600 ಕಿಲೋಮೀಟರ್. ಕಪ್ಪುಕುಳಿಯೊಂದರಿಂದ ಇಷ್ಟು ಸಮೃದ್ಧವಾದ ಗಾಳಿಯ ರೋಹಿತ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಅದರಲ್ಲಿ 22ನೇ ಹಂತದ ಕಬ್ಬಿಣದ, ಎಂದರೆ 21 ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ, ಎರಡು ರೇಖೆಗಳಿದ್ದವು: ಒಂದು 11.77 ಆಂಗ್‌ಸ್ಟ್ರಾಮ್, ಇನ್ನೊಂದು 11.92. ಎರಡನೆಯದು ಕಾಣಬೇಕಾದರೆ ಆ ಪರಮಾಣು ತನ್ನ ತಳಸ್ಥಿತಿಗಿಂತ ಸ್ವಲ್ಪ ಮೇಲಿನ ಮೆಟ್ಟಿಲಲ್ಲಿ ಕುಳಿತಿರಬೇಕು. ಅಲ್ಲಿಗೆ ಏರಿಸಲು ಎಲೆಕ್ಟ್ರಾನುಗಳು ಪದೇಪದೇ ಡಿಕ್ಕಿ ಹೊಡೆಯಬೇಕು. ಡಿಕ್ಕಿಗಳು ಹೆಚ್ಚಬೇಕಾದರೆ ಅನಿಲ ದಟ್ಟವಾಗಿರಬೇಕು. ಹೀಗೆ ಎರಡು ರೇಖೆಗಳ ಬಲಾಬಲದಿಂದ ಸಾಂದ್ರತೆ ಸಿಕ್ಕಿತು, ಘನ ಸೆಂಟಿಮೀಟರಿಗೆ ನೂರು ಲಕ್ಷ ಕೋಟಿ ಕಣಗಳ ಆಸುಪಾಸು. ಸಾಂದ್ರತೆ ಗೊತ್ತಾದೊಡನೆ ಅಯಾನೀಕರಣ ಮಾನದಲ್ಲಿ ಹುದುಗಿದ್ದ ದೂರವೂ ಹೊರಬಿತ್ತು: ಸುಮಾರು ಎಪ್ಪತ್ತು ಸಾವಿರ ಕಿಲೋಮೀಟರ್. ಸೂರ್ಯನ ಆರೇಳು ಪಟ್ಟಿನ ಆ ಕಪ್ಪುಕುಳಿಯಲ್ಲಿ ಶಾಖದ ಗಾಳಿ ಹೊರಡಬಲ್ಲ ಕನಿಷ್ಠ ದೂರ ಐದು ಲಕ್ಷ ಕಿಲೋಮೀಟರ್. ಅಷ್ಟು ಒಳಗಿನಿಂದ ಗಾಳಿಯನ್ನು ಎತ್ತಬಲ್ಲುದು ಕಾಂತಕ್ಷೇತ್ರ ಒಂದೇ ಎಂದು ಜಾನ್ ಮಿಲ್ಲರ್ ಮತ್ತು ಸಂಗಡಿಗರು 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು.

ಆ ಪ್ರಬಂಧ ಒಂದು ಪೀಳಿಗೆಯ ಸಂಶೋಧನೆಗೆ ದಿಕ್ಕು ಕೊಟ್ಟಿತು. ಅದೇ ವರ್ಷ ಹಗಾಯ್ ನೆಟ್ಜರ್ ಆಕ್ಷೇಪ ಎತ್ತಿದರು. ಶಾಖದ ಗಾಳಿಯ ಸಾಧ್ಯತೆಯನ್ನು ಇಷ್ಟು ಬೇಗ ತಳ್ಳಿಹಾಕಲಾಗದು ಎಂಬುದು ಅವರ ವಾದ. ಕಾಲ್‌ಮನ್ ಮತ್ತಿತರರು 2009ರಲ್ಲಿ ಹೆಚ್ಚು ವಿವರವಾಗಿ ಲೆಕ್ಕ ಹಾಕಿ ಸಾಂದ್ರತೆ ದೊಡ್ಡದೇ ಎಂದರು. ಎರಡು ಬಗೆಯೂ ಬೆರೆತ ಗಾಳಿ ಇರಬಹುದೆಂದು ಜೋಯಿ ನೀಲ್ಸನ್ ಮತ್ತು ಯೆರೂನ್ ಹೋಮನ್ 2012ರಲ್ಲಿ ಸೂಚಿಸಿದರು. ಇಷ್ಟೆಲ್ಲ ನಡೆಯುವಾಗಲೂ ನನಗೆ ಕೊರೆಯುತ್ತಿದ್ದ ಪ್ರಶ್ನೆ ಒಂದೇ: ಎಪ್ಪತ್ತು ಸಾವಿರ ಕಿಲೋಮೀಟರ್ ದೂರದಲ್ಲಿ ವಿಮೋಚನಾ ವೇಗ ಸೆಕೆಂಡಿಗೆ ಐದು ಸಾವಿರ ಕಿಲೋಮೀಟರಿನ ಸುತ್ತಮುತ್ತ, ಕಂಡ ವೇಗ ಅದರ ಮೂರನೇ ಒಂದು ಪಾಲೂ ಮುಟ್ಟುವುದಿಲ್ಲ. ಗಾಳಿಯ ಓಟ ನಮ್ಮ ದೃಷ್ಟಿರೇಖೆಗೆ ಅಡ್ಡವಾಗಿದ್ದರೆ ಇದನ್ನು ಸಮಜಾಯಿಸಬಹುದು, ಆದರೆ ಅದು ಸಲೀಸಾದ ಉತ್ತರವಲ್ಲ.

ಬಿರುಕು ಕಾಣಿಸಿದ್ದು ಪ್ರಕಾಶದ ಲೆಕ್ಕದಲ್ಲಿ. 2005ರ ಆ ದಿನ ಆಕರದ ರೋಹಿತ ಅಸಹಜವಾಗಿ ಮೃದುವಾಗಿತ್ತು. ಹೆಚ್ಚಿನ ಶಕ್ತಿಯ ಕಿರಣಗಳು ತೀರಾ ಕಡಿಮೆ. ಗಾಳಿಯೇ ದಟ್ಟವಾಗಿ ಮುಸುಕಿ ಆಕರದ ಬಹುಪಾಲು ಬೆಳಕನ್ನು ಚದುರಿಸುತ್ತಿರಬಹುದು, ನಿಜವಾದ ಪ್ರಕಾಶ ಎಡಿಂಗ್‌ಟನ್ ಮಿತಿಯ ಹತ್ತಿರವೇ ಇರಬಹುದು ಎಂದು 2015-16ರಲ್ಲಿ ಹಲವು ಗುಂಪುಗಳು ಬರೆದವು. 2023ರಲ್ಲಿ ರ್ಯೋಟ ತೊಮಾರು, ಕ್ರಿಸ್ ಡನ್ ಮತ್ತು ಜುನ್ಜಿ ಮಾವೊ ಅದೇ ಹಳೆಯ ರೋಹಿತವನ್ನು ಮತ್ತೆ ಬಿಡಿಸಿ ಕೂತರು. ಕಬ್ಬಿಣದ ಆ ಮೇಲಿನ ಮೆಟ್ಟಿಲಿಗೆ ಪರಮಾಣು ಏರುವುದು ಡಿಕ್ಕಿಯಿಂದ ಮಾತ್ರವಲ್ಲ. ಆಕರದ ಬೆಳಕನ್ನು ಹೀರಿ ಇನ್ನೂ ಮೇಲಕ್ಕೆ ಹೋದ ಪರಮಾಣು ಹಂತಹಂತವಾಗಿ ಇಳಿಯುವಾಗ ಅಲ್ಲಿ ತಂಗಬಹುದು. ಇದನ್ನು ಲೆಕ್ಕಕ್ಕೆ ಸೇರಿಸಿದ ಕೂಡಲೇ ಬೇಕಾದ ಸಾಂದ್ರತೆ ಹತ್ತು ಪಟ್ಟಿಗೂ ಮಿಕ್ಕಿ ಕುಸಿಯಿತು. ಸಾಂದ್ರತೆ ಇಳಿದರೂ ದೃಷ್ಟಿರೇಖೆಯುದ್ದಕ್ಕೂ ಒಟ್ಟು ಸೇರುವ ಅನಿಲ ಆಕರವನ್ನು ಮುಸುಕುವಷ್ಟಿದೆ ಎಂಬುದೂ ಅದೇ ಲೆಕ್ಕದಿಂದ ಹೊರಬಂದು ಪ್ರಕಾಶ ಮೇಲಕ್ಕೇರಿತು. ಸಾಂದ್ರತೆ ಹತ್ತು ಪಟ್ಟು ಇಳಿದು ಪ್ರಕಾಶ ಹತ್ತು ಪಟ್ಟು ಏರಿದರೆ ದೂರ ಹತ್ತು ಪಟ್ಟಾಗುತ್ತದೆ. ಎಪ್ಪತ್ತು ಸಾವಿರ ಕಿಲೋಮೀಟರ್ ಇದ್ದದ್ದು ಏಳು ಲಕ್ಷವಾಗುತ್ತದೆ, ಶಾಖದ ಗಾಳಿಯ ಎಲ್ಲೆಯೊಳಕ್ಕೆ ಬಂದುಬಿಡುತ್ತದೆ.

ಕಾಂತದ ಗಾಳಿ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅದು ಬೇಕೇ ಬೇಕು ಎನ್ನಲು ಇದ್ದ ಅತಿ ಬಲವಾದ ಆಧಾರ ಕೈಬಿಟ್ಟಂತಾಯಿತು. ಇಂದು ಸಾಬೀತುಪಡಿಸುವ ಹೊಣೆ ಕಾಂತದ ಪಕ್ಷದ ಮೇಲಿದೆ ಎಂದೇ ನಾನು ತಿಳಿದಿದ್ದೇನೆ. ಶಾಖದ ಗಾಳಿ ಹೊಸ ಊಹೆಗಳನ್ನು ಬೇಡುವುದಿಲ್ಲ: ದೊಡ್ಡ ತಟ್ಟೆ ಇದ್ದು ನಡುವೆ ಎಕ್ಸ್ ಕಿರಣ ಬೆಳಗಿದರೆ ಅದು ಎದ್ದೇ ಏಳಬೇಕು. ಎಷ್ಟು ಏಳುತ್ತದೆ ಎಂದು ಲೆಕ್ಕ ಹಾಕಿ, ಉಳಿದದ್ದಕ್ಕೆ ಮಾತ್ರ ಬೇರೆ ಕಾರಣ ಹುಡುಕುವುದು ಸರಿಯಾದ ಕ್ರಮ. ಐಜಿಆರ್ ಜೆ17091-3624 ಎಂಬ ಆಕರದಲ್ಲಿ 2012ರಲ್ಲಿ ವರದಿಯಾದ, ಸೆಕೆಂಡಿಗೆ 9300 ಕಿಲೋಮೀಟರ್ ವೇಗದ ಗಾಳಿಯಂಥವು ಆ ಉಳಿದ ಪಟ್ಟಿಗೆ ಸೇರುತ್ತವೆ. ಅಷ್ಟು ವೇಗವನ್ನು ಶಾಖ ಕೊಡಲಾರದು.

ಎರಡನೇ ದೊಡ್ಡ ವಿವಾದ ಗಾಳಿಯ ಕಾಲದ ಬಗ್ಗೆ. ಭುಗಿಲೆದ್ದ ಕಪ್ಪುಕುಳಿ ಸಾಮಾನ್ಯವಾಗಿ ಎರಡು ಸ್ಥಿತಿಗಳ ನಡುವೆ ಓಡಾಡುತ್ತದೆ. ಕಠಿಣ ಸ್ಥಿತಿಯಲ್ಲಿ ಹೆಚ್ಚಿನ ಶಕ್ತಿಯ ಎಕ್ಸ್ ಕಿರಣವೂ ಜೆಟ್ಟೂ ಇರುತ್ತವೆ. ಮೃದು ಸ್ಥಿತಿಯಲ್ಲಿ ತಟ್ಟೆಯೇ ಬೆಳಗುತ್ತದೆ, ಜೆಟ್ ಆರಿಹೋಗುತ್ತದೆ. ನೀಲ್ಸನ್ ಮತ್ತು ಜೂಲಿಯಾ ಲೀ ಜಿಆರ್‌ಎಸ್ 1915+105ರ ಹತ್ತು ವರ್ಷದ ಚಂದ್ರ ರೋಹಿತಗಳನ್ನು ಒಟ್ಟಿಗಿಟ್ಟು 2009ರಲ್ಲಿ ತೋರಿಸಿದ್ದೆಂದರೆ, ಗಾಳಿ ಇದ್ದಾಗ ಜೆಟ್ ಇಲ್ಲ, ಜೆಟ್ ಇದ್ದಾಗ ಗಾಳಿ ಇಲ್ಲ. ಒಳಕ್ಕೆ ಹೋಗಬೇಕಾದ ಅನಿಲವನ್ನು ಗಾಳಿ ಕದಿಯುವುದರಿಂದ ಜೆಟ್ ಬತ್ತುತ್ತದೆ ಎಂದು ಅವರು ಸೂಚಿಸಿದರು. 2012ರಲ್ಲಿ ಗೇಬ್ರಿಯೆಲೆ ಪೊಂಟಿ ಮತ್ತು ಸಂಗಡಿಗರು ಹಲವು ಕಪ್ಪುಕುಳಿಗಳನ್ನು ಸೇರಿಸಿ ಇದನ್ನು ವಿಸ್ತರಿಸಿದರು. ತಟ್ಟೆಯನ್ನು ನಾವು ಅಂಚಿನ ಕಡೆಯಿಂದ ನೋಡುವ ಆಕರಗಳಲ್ಲಿ, ಅದೂ ಮೃದು ಸ್ಥಿತಿಯಲ್ಲಿ ಮಾತ್ರ, ಗಾಳಿ ಕಾಣುತ್ತದೆ. ಗಾಳಿ ತಟ್ಟೆಯ ಸಮತಲಕ್ಕೆ ಒತ್ತಿಕೊಂಡು ಹರಿಯುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಕಠಿಣ ಸ್ಥಿತಿಯಲ್ಲಿ ಗಾಳಿ ನಿಲ್ಲುತ್ತದೆಯೋ, ನಮ್ಮ ಕಣ್ಣಿಗೆ ಕಾಣದಾಗುತ್ತದೆಯೋ? ಈ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಬಹುಕಾಲ ಸಿಗಲಿಲ್ಲ. ಸುಸ್ಮಿತಾ ಚಕ್ರವರ್ತಿ, ಲೀ ಮತ್ತು ನೀಲ್ಸನ್ 2013ರಲ್ಲಿ ಒಂದು ಮುಖ್ಯ ಲೆಕ್ಕ ಮುಂದಿಟ್ಟರು. ಕಠಿಣ ಸ್ಥಿತಿಯ ಎಕ್ಸ್ ಕಿರಣದಲ್ಲಿ ಕಬ್ಬಿಣದ 6.70 ಮತ್ತು 6.97 ಕಿಲೋ ಎಲೆಕ್ಟ್ರಾನ್ ವೋಲ್ಟ್ ರೇಖೆಗಳನ್ನು ಕೊಡಬಲ್ಲ ಅನಿಲ ಅಸ್ಥಿರವಾಗಿರುತ್ತದೆ. ಸ್ವಲ್ಪ ಅಲುಗಿದರೂ ಅದು ಒಂದೋ ಪೂರ್ತಿ ಕಾದು ಎಲ್ಲ ಎಲೆಕ್ಟ್ರಾನುಗಳನ್ನೂ ಕಳೆದುಕೊಳ್ಳುತ್ತದೆ, ಇಲ್ಲವೇ ತಣ್ಣಗಾಗಿ ಕುಗ್ಗುತ್ತದೆ. ಎರಡು ಸಂದರ್ಭದಲ್ಲೂ ಎಕ್ಸ್ ಕಿರಣದ ರೋಹಿತದಿಂದ ಗಾಳಿ ಮಾಯ. ಬೀಸುತ್ತಲೇ ಇರುವ ಗಾಳಿ ಹೀಗೆ ಅದೃಶ್ಯವಾಗಬಹುದಾದರೆ, ರೇಖೆ ಕಾಣಲಿಲ್ಲ ಎಂದು ಗಾಳಿಯೇ ಇಲ್ಲ ಎನ್ನುವ ಹಾಗಿಲ್ಲ.

ತಣ್ಣಗಿನ ಗಾಳಿಯನ್ನು ತೋರಿಸಿಕೊಟ್ಟದ್ದು ಎಕ್ಸ್ ಕಿರಣವಲ್ಲ, ಕಣ್ಣಿಗೆ ಕಾಣುವ ಬೆಳಕು. ಹಂಸ ನಕ್ಷತ್ರಪುಂಜದ ವಿ404 ಸಿಗ್ನಿ 1989ರ ನಂತರ ಮತ್ತೆ 2015ರ ಜೂನ್‌ನಲ್ಲಿ ಭುಗಿಲೆದ್ದಾಗ, ಲಾ ಪಾಲ್ಮಾ ದ್ವೀಪದ 10.4 ಮೀಟರ್ ಕನ್ನಡಿಯ ದೊಡ್ಡ ದೂರದರ್ಶಕವನ್ನು ಅದರತ್ತ ತಿರುಗಿಸಿ ತಿಯೋಡೋರೊ ಮುನ್ಯೋಸ್-ದಾರಿಯಾಸ್ ಮತ್ತು ಸಂಗಡಿಗರು ಹೀಲಿಯಂ ಹಾಗೂ ಹೈಡ್ರೋಜನ್ ರೇಖೆಗಳನ್ನು ದಾಖಲಿಸಿದರು. ರೇಖೆಯ ನೀಲಿ ಬದಿ ಹೀರಿಕೆಯಿಂದ ಕೊರೆದುಹೋಗಿ ಕೆಂಪು ಬದಿ ಉಬ್ಬಿ ನಿಂತಿತ್ತು. ಹೊರಕ್ಕೆ ಹರಿಯುವ ಅನಿಲಕ್ಕೆ ಇದು ನೂರು ವರ್ಷಕ್ಕೂ ಹಳೆಯ, ಎಲ್ಲರೂ ಒಪ್ಪಿದ ಗುರುತು. ವೇಗ ಸೆಕೆಂಡಿಗೆ ಸುಮಾರು 3000 ಕಿಲೋಮೀಟರ್‌ವರೆಗೆ. ಒಂದೂ ಎಲೆಕ್ಟ್ರಾನ್ ಕಳೆದುಕೊಳ್ಳದ ಹೀಲಿಯಂ, ಅಷ್ಟು ಪ್ರಖರ ಎಕ್ಸ್ ಕಿರಣ ಸುರಿಯುವ ಕಪ್ಪುಕುಳಿಯ ಪಕ್ಕದಲ್ಲಿ! ಆ ಭುಗಿಲು ಎರಡೇ ವಾರದಲ್ಲಿ ಕುಸಿಯಿತು. ಸುಮಾರು ಎರಡು ಕೋಟಿ ಕಿಲೋಮೀಟರ್ ಅಂತರದ ಆ ಜೋಡಿಯ ವಿಶಾಲ ತಟ್ಟೆಯಲ್ಲಿ ಇನ್ನೂ ಬೇಕಾದಷ್ಟು ಅನಿಲ ಇರಬೇಕಿತ್ತು. ಹೊರಭಾಗದ ಅನಿಲವನ್ನು ಗಾಳಿ ತೂರಿಬಿಟ್ಟದ್ದೇ ಆ ಹಠಾತ್ ಅಂತ್ಯಕ್ಕೆ ಕಾರಣ ಎಂದು ಅವರು 2016ರಲ್ಲಿ ಬರೆದರು.

2018ರಲ್ಲಿ ಕಾಣಿಸಿಕೊಂಡ ಮ್ಯಾಕ್ಸಿ ಜೆ1820+070 ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿತು. ಅದರಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಗಾಳಿರೇಖೆಗಳು ಕಠಿಣ ಸ್ಥಿತಿಯಲ್ಲಷ್ಟೇ ಕಂಡವು. ಎಕ್ಸ್ ಕಿರಣದ ರೂಢಿಗೆ ತೀರಾ ಉಲ್ಟಾ. ಆಮೇಲೆ ಅವಕೆಂಪಿನಲ್ಲಿ ನೋಡಿದಾಗ ಗಾಳಿ ಮೃದು ಸ್ಥಿತಿಯಲ್ಲೂ ಇತ್ತು, ವೇಗವೂ ಹೆಚ್ಚುಕಡಿಮೆ ಅಷ್ಟೇ. ಬೇಲಿ ಟೆಟರೆಂಕೊ ಮತ್ತು ಸಂಗಡಿಗರು 2018ರಲ್ಲೇ ಬೇರೆ ದಾರಿಯಿಂದ ಅಲ್ಲಿಗೇ ಬಂದಿದ್ದರು. ಭುಗಿಲುಗಳು ಆರುವ ಗತಿಯಿಂದ ತಟ್ಟೆಯ ತಿಕ್ಕಾಟವನ್ನು ಅಳೆದಾಗ ಅದು ಕಾಂತಕ್ಷೋಭೆ ಕೊಡಬಲ್ಲುದಕ್ಕಿಂತ ಹೆಚ್ಚಾಗಿ ಬಂತು. ಭುಗಿಲಿನುದ್ದಕ್ಕೂ ಗಾಳಿ ದ್ರವ್ಯವನ್ನು ಒಯ್ಯುತ್ತಿದ್ದರೆ ಆ ವ್ಯತ್ಯಾಸಕ್ಕೆ ಉತ್ತರ ಸಿಗುತ್ತದೆ. ಈ ಮೂರು ಎಳೆಗಳನ್ನು ಸೇರಿಸಿ ನೋಡಿದರೆ ಗಾಳಿ ಮತ್ತು ಜೆಟ್ ಸವತಿಯರು ಎಂಬ ಚಿತ್ರವನ್ನು ಕೈಬಿಡುವ ಕಾಲ ಬಂದಿದೆ ಎನ್ನಿಸುತ್ತದೆ. ಶಾಖದ ವಾದಕ್ಕೂ ಇಲ್ಲಿ ತೊಡಕಿದೆ. ಕೋಟಿ ಕೆಲ್ವಿನ್‌ಗೆ ಕಾದು ಏಳುವ ಗಾಳಿಯಲ್ಲಿ ಎಲೆಕ್ಟ್ರಾನ್ ಕಳೆದುಕೊಳ್ಳದ ಹೀಲಿಯಂ ಹೇಗೆ ಉಳಿಯಿತು? ಬಿಸಿ ಹರಿವಿನೊಳಗೆ ತಣ್ಣನೆಯ ಗಟ್ಟಿ ಮುದ್ದೆಗಳು ತೇಲುತ್ತಿರಬಹುದು ಎಂಬುದು ಸದ್ಯದ ಊಹೆ. ಜೊತೆಗೆ ಮ್ಯಾಕ್ಸಿ ಜೆ1820+070ರ ಸುತ್ತು ಹದಿನಾರೂವರೆ ಗಂಟೆ ಮಾತ್ರ. ಅದರ ತಟ್ಟೆ ಶಾಖದ ಗಾಳಿಗೆ ಒದಗುವಷ್ಟು ದೊಡ್ಡದೇ ಎಂಬುದೂ ಬಿಗಿಯಾದ ಪ್ರಶ್ನೆಯೇ.

ಜಿಆರ್‌ಎಸ್ 1915+105 ಮಾತ್ರ ತನ್ನದೇ ದಾರಿ ಹಿಡಿದಿದೆ. 1992ರಿಂದ ಕಾಲು ಶತಮಾನ ಎಡೆಬಿಡದೆ ಉರಿದ ಈ ಆಕರ 2018ರಲ್ಲಿ ಮಂಕಾಗಿ, 2019ರ ಹೊತ್ತಿಗೆ ದಟ್ಟವಾದ ಅನಿಲದ ಮರೆಗೆ ಸರಿಯಿತು. ಹೊರಗೆ ತಪ್ಪಿಸಿಕೊಳ್ಳಲಾರದೆ ಹೋದ ಗಾಳಿಯೇ ಸುತ್ತ ನಿಂತು ಮುಸುಕು ಹಾಕಿರಬಹುದು ಎಂದು ಮಿಲ್ಲರ್ ಮತ್ತು ಸಂಗಡಿಗರು ಬರೆದರು.

ಈಗ ಈ ವಾದಗಳೆಲ್ಲ ಹೊಸ ಉಪಕರಣವೊಂದರ ಮುಂದೆ ಬಂದು ನಿಂತಿವೆ. ಜಪಾನಿನ ಹಿತೊಮಿ ಉಪಗ್ರಹ 2016ರಲ್ಲಿ ಹಾರಿ ಕೆಲವೇ ವಾರಗಳಲ್ಲಿ ಕೈತಪ್ಪಿತು. ಅದರ ಜಾಗಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ತನೆಗಶಿಮದಿಂದ ಹೊರಟದ್ದು ಕ್ರಿಸ್ಮ್. ಅದರ ಪತ್ತೆಕಾರಕವನ್ನು ಕೆಲ್ವಿನ್‌ನ ಇಪ್ಪತ್ತನೇ ಒಂದು ಭಾಗಕ್ಕೆ ತಣಿಸಿ, ಒಂದೊಂದು ಎಕ್ಸ್ ಕಿರಣದ ಕಣ ಬಿದ್ದಾಗ ಏರುವ ಶಾಖವನ್ನೇ ಅಳೆಯುತ್ತಾರೆ. 6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ ಅದರ ಸೂಕ್ಷ್ಮತೆ ಸುಮಾರು 5 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸೆಕೆಂಡಿಗೆ 1000 ಕಿಲೋಮೀಟರಿನ ಸರಿತ ಅದಕ್ಕೆ ಢಾಳಾಗಿ ಕಾಣುತ್ತದೆ. 2024ರ ಫೆಬ್ರವರಿಯಲ್ಲಿ ಅದು ನೋಡಿದ ಜಿಎಕ್ಸ್ 13+1 ನ್ಯೂಟ್ರಾನ್ ನಕ್ಷತ್ರದ ಜೋಡಿ. ತಟ್ಟೆಯ ಗಾಳಿಯ ಭೌತಶಾಸ್ತ್ರ ಎರಡಕ್ಕೂ ಒಂದೇ ಆದ್ದರಿಂದ ಅದು ಇಲ್ಲಿಗೆ ಸಲ್ಲುತ್ತದೆ. ಎಡಿಂಗ್‌ಟನ್ ಮಿತಿಯ ಹತ್ತಿರ ಬೆಳಗುತ್ತಿದ್ದ ಅದರ ಗಾಳಿ ತೀರಾ ದಟ್ಟವಾಗಿತ್ತು, ಆದರೆ ವೇಗ ಗಂಟೆಗೆ ಹತ್ತು ಲಕ್ಷ ಕಿಲೋಮೀಟರ್ ಮಾತ್ರ. ಅದೇ ಮಿತಿಯ ಬಳಿ ಬೆಳಗುವ ಪಿಡಿಎಸ್ 456 ಎಂಬ ಬೃಹತ್ ಕಪ್ಪುಕುಳಿಯಲ್ಲಿ ಕ್ರಿಸ್ಮ್ ಕಂಡ ಗಾಳಿ ಬೆಳಕಿನ ವೇಗದ ಶೇಕಡಾ 20-30ರಷ್ಟು ವೇಗದಲ್ಲಿ, ತುಂಡುತುಂಡಾಗಿ ಚಿಮ್ಮುತ್ತದೆ. ಬೃಹತ್ ಕುಳಿಯ ತಟ್ಟೆ ತಂಪು, ಅದು ಅತಿನೇರಳೆಯಲ್ಲಿ ಬೆಳಗುತ್ತದೆ, ಆ ಬೆಳಕು ಅನಿಲವನ್ನು ಹೆಚ್ಚು ಬಿಗಿಯಾಗಿ ಹಿಡಿದು ತಳ್ಳಬಲ್ಲುದು ಎಂಬುದು ಕೊಟ್ಟ ಕಾರಣ. ಹಾಗಿದ್ದರೆ ಸಣ್ಣ ಕುಳಿಯ ಗಾಳಿಯನ್ನು ಹಿಗ್ಗಿಸಿ ದೊಡ್ಡ ಕುಳಿಗೆ ಹೊಂದಿಸುವ, ಗೆಲಾಕ್ಸಿಗಳ ಬೆಳವಣಿಗೆಯವರೆಗೂ ಎಳೆಯುವ ಒಂದೇ ಸೂತ್ರದ ಕನಸಿಗೆ ದೊಡ್ಡ ಪೆಟ್ಟು ಬಿದ್ದಿದೆ.

ಇನ್ನೊಂದು ಸಾಧನ ಧ್ರುವೀಕರಣ, ಅಂದರೆ ಕಿರಣದ ಕಂಪನ ಒಂದೇ ದಿಕ್ಕಿಗೆ ಎಷ್ಟು ವಾಲಿದೆ ಎಂಬ ಅಳತೆ. ಐಕ್ಸ್‌ಪಿಇ ಉಪಗ್ರಹ 2022ರಲ್ಲಿ 4ಯು 1630-47 ಎಂಬ, ಗಾಳಿಗೆ ಹೆಸರಾದ ಕಪ್ಪುಕುಳಿಯ ಮೃದು ಸ್ಥಿತಿಯನ್ನು ನೋಡಿದಾಗ ಧ್ರುವೀಕರಣ ಶೇಕಡಾ ಎಂಟರ ಮೇಲಿತ್ತು, ಶಕ್ತಿ ಹೆಚ್ಚಿದಂತೆ ಅದೂ ಹೆಚ್ಚುತ್ತಿತ್ತು. ಎಲೆಕ್ಟ್ರಾನುಗಳು ಬೆಳಕನ್ನು ಚದುರಿಸುವ ಪದರ ಎಷ್ಟು ಧ್ರುವೀಕರಿಸಬಲ್ಲುದೆಂದು ಚಂದ್ರಶೇಖರ್ ಹಿಂದೆಯೇ ಹಾಕಿಟ್ಟ ಲೆಕ್ಕಕ್ಕೆ ಅದು ಸುಲಭವಾಗಿ ಹೊಂದಲಿಲ್ಲ. ತಟ್ಟೆಯ ಮೇಲ್ಪದರವೇ ಬೆಳಕಿನ ಅರ್ಧ ವೇಗದಲ್ಲಿ ಹೊರಕ್ಕೆ ಹರಿಯುತ್ತಿರಬಹುದು ಎಂಬ ವಿವರಣೆಯೂ ಬಂದಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಪೋಲಿಕ್ಸ್ ಉಪಕರಣ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಹಾರಿತು. ಅದು ಕೆಲಸ ಮಾಡುವುದು 8ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ, ಐಕ್ಸ್‌ಪಿಇ ನಿಲ್ಲುವಲ್ಲಿಂದ ಮುಂದಕ್ಕೆ. ಮೃದು ಸ್ಥಿತಿಯಲ್ಲಿ ಅಲ್ಲಿ ಕಿರಣಗಳು ವಿರಳವಾದರೂ, ಕಠಿಣ ಸ್ಥಿತಿಯ ಪ್ರಖರ ಆಕರಗಳಿಗೆ ಅದು ತಕ್ಕ ಸಾಧನ.

ಗಾಳಿ ಎಲ್ಲಿಂದ ಹೊರಡುತ್ತದೆ ಎಂಬ ಮೊದಲ ಪ್ರಶ್ನೆಗೆ ಮಾತ್ರ ಕ್ರಿಸ್ಮ್ ಕೂಡ ಸದ್ಯಕ್ಕೆ ಅರ್ಧ ದಾರಿಯಷ್ಟೇ ಹೋಗಬಲ್ಲುದು. ಅದರ ಪತ್ತೆಕಾರಕದ ಮುಂದಿನ ಕವಾಟ ಬಾಹ್ಯಾಕಾಶಕ್ಕೆ ಹೋದ ಮೇಲೆ ತೆರೆಯಲಿಲ್ಲ. ಕವಾಟದ ಬೆರಿಲಿಯಂ ಕಿಟಕಿಯ ಮೂಲಕವೇ ಕಿರಣ ಒಳಬರಬೇಕು, 1.7 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿನದು ಅಲ್ಲೇ ತಡೆದುಹೋಗುತ್ತದೆ. ಸಾಂದ್ರತೆಯನ್ನು ಹೇಳುವ ಕಬ್ಬಿಣದ ಆ ಎರಡು ರೇಖೆಗಳು ಇರುವುದು 1.05 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಿ. ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್‌ನ ಜಾಲರಿ ಆ ಜಾಗವನ್ನು ನೋಡಬಲ್ಲುದು, ಕ್ರಿಸ್ಮ್ ಮೇಲಿನ ಭಾಗವನ್ನು. ಎರಡೂ ಒಂದೇ ಗಂಟೆಗಳಲ್ಲಿ ಒಂದೇ ಆಕರವನ್ನು ನೋಡಿದರೆ ಸಾಂದ್ರತೆ, ವೇಗ, ನಿಜವಾದ ಪ್ರಕಾಶ ಮೂರೂ ಒಟ್ಟಿಗೆ ಸಿಗುತ್ತವೆ. ಅದಕ್ಕೆ ಮೊದಲು, ತಟ್ಟೆಯನ್ನು ಅಂಚಿನಿಂದ ತೋರಿಸುವ, ಹತ್ತಿರದ, ಪ್ರಖರವಾದ ಕಪ್ಪುಕುಳಿಯೊಂದು ಭುಗಿಲೇಳಬೇಕು. ಜಿಆರ್‌ಒ ಜೆ1655-40 ಅಂಥ ಭುಗಿಲನ್ನು 1994ರಲ್ಲಿ, 1996ರಲ್ಲಿ, 2005ರಲ್ಲಿ ತೋರಿಸಿತ್ತು.